ತಿರುಚಿದ ಬಿಲ್ಲುದಬ್ಬೆಯನ್ನು ನೇರಗೊಳಿಸುವ ಕ್ರಮ

ಒಂದೇ ಮರದ ತುಂಡಿನಿಂದ ಬಿಲ್ಲು ಮಾಡುವವರು ಕಾಂಡವನ್ನು ಗರಗಸದಿಂದ ಕೊಯ್ಯುವುದಕ್ಕಿಂತ ಬೆಣೆ ಹೊಡೆದು ಸೀಳುವುದನ್ನೇ ಮೆಚ್ಚುತ್ತಾರೆ. ಸೀಳು ನಾರಿನ ಗುಂಟ ಓಡುತ್ತದೆ. ಹಾಗಾಗಿ ಕೈಗೆ ಬರುವ ದಬ್ಬೆ ಮರ ಬೆಳೆದ ದಾರಿಯನ್ನು ಇದ್ದದ್ದು ಇದ್ದ ಹಾಗೆ ತೋರಿಸುತ್ತದೆ. ನಾರು ನೆಟ್ಟಗೆ ಏರಿದ್ದರೆ ದಬ್ಬೆಯೂ ನೆಟ್ಟಗೆ ಬರುತ್ತದೆ. ಕಾಂಡವನ್ನು ಸುತ್ತಿಕೊಂಡು ಏರಿದ್ದರೆ ದಬ್ಬೆ ವಿಮಾನದ ಪಂಖದ ಹಾಗೆ ತಿರುಚಿರುತ್ತದೆ. ಒಂದು ತುದಿಯ ಮುಖ ಮೇಲಕ್ಕಿದ್ದರೆ ಇನ್ನೊಂದು ತುದಿಯದು ಓರೆಯಾಗಿ ಪಕ್ಕಕ್ಕೆ ಹೊರಳಿರುತ್ತದೆ. ಇಂಥ ದಬ್ಬೆಯನ್ನು ನಾರು ಕಡಿಯದೆ, ಶಾಖ, ತೇವ ಮತ್ತು ಒತ್ತಡಗಳ ಬಲದಿಂದ ಸರಿಪಡಿಸುವುದು ಬಿಲ್ಲು ತಯಾರಿಕೆಯ ಬಹಳ ಹಳೆಯ ಕೌಶಲಗಳಲ್ಲಿ ಒಂದು.

ಬಿಲ್ಲಿನ ಭಾಗಗಳನ್ನು ಮೊದಲೇ ಗುರುತಿಸಿಕೊಂಡರೆ ಮುಂದಿನದು ಸುಲಭ. ಗುರಿಯ ಕಡೆಗಿರುವ ಮುಖ ಬೆನ್ನು, ಬಿಲ್ಲುಗಾರನ ಕಡೆಗಿರುವುದು ಹೊಟ್ಟೆ. ನಡುವೆ ಹಿಡಿ, ಅದರ ಎರಡೂ ಕಡೆ ತೋಳುಗಳು, ತುದಿಗಳಲ್ಲಿ ಹೆದೆ ಸಿಕ್ಕಿಸುವ ಕೊಪ್ಪು. ಹೆದೆ ಎಳೆದಾಗ ಬೆನ್ನಿನ ನಾರು ಹಿಗ್ಗುತ್ತದೆ, ಹೊಟ್ಟೆಯ ನಾರು ಕುಗ್ಗುತ್ತದೆ. ಮರದ ಬಿಲ್ಲು ಮುರಿಯುವುದು ಹೆಚ್ಚಾಗಿ ಬೆನ್ನಿನಿಂದಲೇ ಶುರುವಾಗುತ್ತದೆ. ಆದ್ದರಿಂದ ಬೆನ್ನಿನ ನಾರು ಹಿಡಿಯಿಂದ ತುದಿಯವರೆಗೆ ಎಲ್ಲಿಯೂ ತುಂಡಾಗದೆ ಸಾಗಬೇಕೆನ್ನುವುದು ಈ ವಿದ್ಯೆಯ ಮೊದಲ ನಿಯಮ. ದಬ್ಬೆಯ ಸೊಟ್ಟ ತಿದ್ದುವಾಗ ಕೈಗೊಳ್ಳುವ ಪ್ರತಿಯೊಂದು ನಿರ್ಧಾರವೂ ಈ ನಿಯಮದ ಅಡಿಯಲ್ಲೇ ಬರುತ್ತದೆ.

ತಿರುಚು ಬರುವ ಬಗೆ

ಮರದ ತೊಗಟೆಯ ಕೆಳಗಿರುವ ಬೆಳವಣಿಗೆಯ ಪದರ ವರ್ಷ ವರ್ಷವೂ ಹೊಸ ನಾರನ್ನು ಕೂಡಿಸುತ್ತ ಹೋಗುತ್ತದೆ. ಆ ಪದರದ ಜೀವಕೋಶಗಳು ವಿಭಜನೆಯಾಗುವಾಗ ಒಂದೇ ಕಡೆಗೆ ಸ್ವಲ್ಪ ವಾಲಿದರೂ ಸಾಕು, ವರ್ಷಗಳು ಕಳೆದಂತೆ ನಾರೆಲ್ಲ ಕಾಂಡದ ಸುತ್ತ ಸುರುಳಿಯಾಗಿ ಏರುತ್ತದೆ. ಅನೇಕ ಶಂಕುಧಾರಿ ಮರಗಳಲ್ಲಿ ಎಳೆಯ ವಯಸ್ಸಿನಲ್ಲಿ ಎಡಕ್ಕೆ ಸುತ್ತಿದ ನಾರು, ವಯಸ್ಸಾದಂತೆ ನೇರವಾಗಿ, ಆಮೇಲೆ ಬಲಕ್ಕೆ ತಿರುಗುತ್ತದೆ. ಭಾರತದ ಅರಣ್ಯ ಇಲಾಖೆಗೆ ಈ ವಿಷಯ ನೂರು ವರ್ಷಗಳ ಹಿಂದೆಯೇ ತಲೆನೋವಾಗಿತ್ತು. ಹಿಮಾಲಯದ ಚೀರ್ ಪೈನ್ ಮರಗಳು ಕುಮಾವೂಂ, ಗಢವಾಲ್ ಪ್ರದೇಶಗಳಲ್ಲಿ ವಿಪರೀತ ತಿರುಚಿಕೊಂಡು ಬೆಳೆದು, ರೈಲು ಸ್ಲೀಪರಿಗೂ ಹಲಗೆಗೂ ಒದಗದೆ ಹೋಗುತ್ತಿದ್ದವು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಹ್ಯಾರಿ ಚಾಂಪಿಯನ್ 1920ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿ, ತಿರುಚುವ ಗುಣ ಬೀಜದಿಂದ ಬೀಜಕ್ಕೆ ಇಳಿದು ಬರುತ್ತದೆ ಎಂದು ವಾದಿಸಿದರು. ಗಾಳಿ, ಇಳಿಜಾರು, ಒಂದು ಕಡೆಗೆ ಬಾಗಿದ ರೆಂಬೆಗಳ ಭಾರ ಇವುಗಳ ಪಾತ್ರವನ್ನು ಹೇಳುವವರೂ ಇದ್ದಾರೆ. ಒಂದೇ ಕಾರಣದಿಂದ ಎಲ್ಲ ಮರಗಳನ್ನೂ ವಿವರಿಸಲಾಗದು.

ದಕ್ಷಿಣ ಭಾರತದ ಕಾಡುಮರಗಳ ತೊಡಕು ಬೇರೆಯ ಬಗೆಯದು. ಹೊನ್ನೆಯಂಥ ಅನೇಕ ಉಷ್ಣವಲಯದ ಮರಗಳಲ್ಲಿ ನಾರು ಕೆಲವು ಪದರಗಳಲ್ಲಿ ಎಡಕ್ಕೂ ಮುಂದಿನ ಪದರಗಳಲ್ಲಿ ಬಲಕ್ಕೂ ಸುತ್ತಿ ಹೆಣೆದುಕೊಂಡಿರುತ್ತದೆ. ಅವು ಬೆಣೆಗೆ ಸುಲಭವಾಗಿ ಬಗ್ಗುವುದಿಲ್ಲ, ಸೀಳಿದರೆ ಮುಖ ಒರಟಾಗಿ ಕಿತ್ತು ಬರುತ್ತದೆ. ಬಿದಿರಿನಲ್ಲಿ ಈ ತೊಂದರೆ ಇಲ್ಲ. ಅದು ವರ್ಷ ವರ್ಷ ದಪ್ಪವಾಗುವ ಗಿಡವಲ್ಲ. ಗೆಣ್ಣಿನಿಂದ ಗೆಣ್ಣಿಗೆ ಅದರ ನಾರು ನೆಟ್ಟಗೆ ಓಡುತ್ತದೆ. ನಮ್ಮ ನಾಡಿನ ಬೇಟೆಯ ಬಿಲ್ಲುಗಳಲ್ಲಿ ಬಿದಿರು ಅಷ್ಟು ವ್ಯಾಪಕವಾಗಿರುವುದಕ್ಕೆ ಅದು ಸುಲಭವಾಗಿ ಸಿಗುವುದು ಒಂದು ಕಾರಣವಾದರೆ, ಈ ನೇರ ನಾರು ಇನ್ನೊಂದು ಕಾರಣ ಎಂದು ಭಾವಿಸಬಹುದು. ಕೌಟಿಲ್ಯನ ಅರ್ಥಶಾಸ್ತ್ರ ಆಯುಧಾಗಾರದ ಪ್ರಕರಣದಲ್ಲಿ ಬಿಲ್ಲಿಗೆ ತಾಳೆ, ಬಿದಿರು, ಮರ, ಕೊಂಬು ಈ ನಾಲ್ಕನ್ನೂ ಹೇಳುತ್ತದೆ.

ತಿರುಚಿದ ದಬ್ಬೆಯ ಕೆಲಸ ಇಂದು ಹೆಚ್ಚು ನಡೆಯುತ್ತಿರುವುದು ಅಮೆರಿಕದಲ್ಲಿ, ಓಸೇಜ್ ಆರೆಂಜ್ ಎಂಬ ಮರದ ಮೇಲೆ. ಹಲಸು, ಹಿಪ್ಪುನೇರಳೆಗಳ ಕುಟುಂಬಕ್ಕೇ ಸೇರಿದ ಈ ಮರದ ಕೆಚ್ಚು ಹಲಸಿನದರಂತೆಯೇ ಹಳದಿ, ಆದರೆ ಅದಕ್ಕಿಂತ ಬಹಳ ಗಟ್ಟಿ. ಟೆಕ್ಸಸ್, ಒಕ್ಲಹೋಮ, ಅರ್ಕನ್ಸಾಗಳ ನದೀಬಯಲು ಇದರ ತವರು. ಫ್ರೆಂಚ್ ವ್ಯಾಪಾರಿಗಳು ಇದನ್ನು ಬಿಲ್ಲುಮರವೆಂದೇ ಕರೆದರು. ಸಸ್ಯಶಾಸ್ತ್ರಜ್ಞ ಜಾನ್ ಬ್ರಾಡ್‌ಬರಿ 1811ರಲ್ಲಿ ಮಿಸೌರಿ ನದಿಯ ದಂಡೆಯ ಅರಿಕಾರ ಜನರ ಹಳ್ಳಿಗಳಿಗೆ ಹೋದಾಗ, ಈ ಮರದ ಒಂದು ಬಿಲ್ಲಿಗೆ ಒಂದು ಕುದುರೆ ಮತ್ತು ಒಂದು ಕಂಬಳಿಯ ಬೆಲೆ ಇತ್ತು. ತವರಿನಿಂದ ನೂರಾರು ಮೈಲಿ ದೂರಕ್ಕೆ ಸಾಗಿಬಂದ ಮರ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ರೈತರು ಇದನ್ನು ಜೀವಂತ ಬೇಲಿಯಾಗಿ ಹೊಲಗಳ ಅಂಚಿಗೆ ಒತ್ತೊತ್ತಾಗಿ ನೆಟ್ಟರು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಯ ಹಕ್ಕುಪತ್ರ ಪಡೆದ ಮೇಲೆ ಆ ಬೇಲಿಗಳ ಅಗತ್ಯ ಕಡಿಮೆಯಾಯಿತು, ಮರಗಳು ಮಾತ್ರ ಉಳಿದವು. ಇಂದಿನ ಬಿಲ್ಲು ಮಾಡುವವರಿಗೆ ಸಿಗುವುದು ಹೆಚ್ಚಾಗಿ ಈ ಬೇಲಿಸಾಲಿನ ಮರಗಳೇ. ಬೆಳಕಿಗಾಗಿ ಪೈಪೋಟಿ ನಡೆಸಿ, ಗಾಳಿಗೆ ಮೈಯೊಡ್ಡಿ, ಅಂಕುಡೊಂಕಾಗಿ ಬೆಳೆದ ಮರಗಳು ಅವು. ನೆಟ್ಟನೆಯ ದಬ್ಬೆಗೆ ಕಾಯುತ್ತ ಕೂತರೆ ಬಿಲ್ಲೇ ಆಗುವುದಿಲ್ಲ.

ಕೊಯ್ದು ನೇರ ಮಾಡಿದರೆ ಆಗುವ ನಷ್ಟ

ತಿರುಚಿದ ದಬ್ಬೆಯನ್ನು ನೋಡಿದ ಬಡಗಿಗೆ ಮೊದಲು ಹೊಳೆಯುವ ಉಪಾಯ ಕೀಸುಳಿ ಹಿಡಿದು ಉಬ್ಬಿದ ಮೂಲೆಗಳನ್ನು ಕೆತ್ತಿ ಮಟ್ಟ ಮಾಡುವುದು. ಬಾಗಿಲ ಚೌಕಟ್ಟಿಗೆ ಅದು ಸರಿ, ಬಿಲ್ಲಿಗೆ ಹೊಂದುವುದಿಲ್ಲ. ಮೇಲ್ಮೈ ಮಟ್ಟವಾಗುತ್ತದೆ, ಆದರೆ ನಾರು ಓರೆಯಾಗಿ ಬಂದು ಅಂಚಿನಲ್ಲಿ ಕಡಿದುಹೋಗುತ್ತದೆ. ಇದರ ಬೆಲೆ ಎಷ್ಟೆಂಬುದನ್ನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿರುವ ಅರಣ್ಯೋತ್ಪನ್ನ ಪ್ರಯೋಗಾಲಯ ಅಳೆದಿದೆ. ನಾರು 20 ಅಳತೆಗೆ 1ರಷ್ಟು ಓರೆಯಾಗಿದ್ದರೆ ಮರದ ಬಾಗುಬಲ ನೇರನಾರಿನ ಮರದ 93 ಶೇಕಡಕ್ಕೆ ಇಳಿಯುತ್ತದೆ. 10ಕ್ಕೆ 1 ಇದ್ದರೆ 81ಕ್ಕೆ. 5ಕ್ಕೆ 1 ಇದ್ದರೆ 55ಕ್ಕೆ. ಹಠಾತ್ ಹೊಡೆತ ತಾಳುವ ಶಕ್ತಿ ಇನ್ನೂ ಬೇಗ ಕುಸಿಯುತ್ತದೆ. 10ಕ್ಕೆ 1ರ ಓರೆಗೆ ಅದು 62, 5ಕ್ಕೆ 1ಕ್ಕೆ 36 ಶೇಕಡ. ಮನೆಯ ತೊಲೆಯಲ್ಲಿ ಮರವನ್ನು ಅದರ ಮಿತಿಗಿಂತ ಬಹಳ ಕೆಳಗೆ ದುಡಿಸುತ್ತಾರೆ. ಬಿಲ್ಲಿನಲ್ಲಿ ಅದನ್ನು ಮುರಿಯುವ ಹಂತದ ಸಮೀಪಕ್ಕೇ ಬಾಗಿಸುತ್ತಾರೆ. ಹಾಗಾಗಿ ಇಲ್ಲಿ ಈ ನಷ್ಟ ಕಣ್ಣಿಗೆ ಕಾಣುವ ಅಪಾಯ.

ಹಾಗಾದರೆ ಉಳಿಯುವುದು ಎರಡೇ ದಾರಿ. ತಿರುಚು ಇಲ್ಲದ ಮರವನ್ನು ಹುಡುಕುವುದು, ಇಲ್ಲವೇ ನಾರಿನೊಂದಿಗೆ ಇಡೀ ದಬ್ಬೆಯನ್ನೇ ಹೊರಳಿಸುವುದು.

ಹಳೆಯ ಕಾಲದ ಉಪಾಯಗಳು

ಹಿಂದಿನವರು ಹೆಚ್ಚಾಗಿ ಮೊದಲ ದಾರಿ ಹಿಡಿದರು, ಅದೂ ಅಚ್ಚರಿಯ ತಾಳ್ಮೆಯಿಂದ. ನೆವಾಡದ ಒಣಬೆಟ್ಟಗಳ ಜೂನಿಪರ್ ಮರ ತಿರುಚುವುದರಲ್ಲಿ ಹೆಸರಾದದ್ದು. ಅಲ್ಲಿನ ಮೂಲನಿವಾಸಿಗಳು ಇಡೀ ಮರ ಕಡಿಯುತ್ತಿರಲಿಲ್ಲ. ನಿಂತ ಮರದ ಕಾಂಡದಲ್ಲಿ ನೆಟ್ಟನೆಯ ನಾರಿರುವ ಒಂದು ಪಟ್ಟಿಯನ್ನು ಗುರುತಿಸಿ, ಮೇಲೆ ಮತ್ತು ಕೆಳಗೆ ಕಚ್ಚು ಹಾಕಿ, ನಡುವಿನ ಮರ ಕಾಂಡದ ಮೇಲೆಯೇ ಒಣಗಲು ಬಿಡುತ್ತಿದ್ದರು. ಒಣಗಿದ ಮೇಲೆ ಅದನ್ನು ಸೀಳಿ ತೆಗೆಯುತ್ತಿದ್ದರು. ಮರ ಬದುಕಿ ಆ ಗಾಯವನ್ನು ಮುಚ್ಚಿಕೊಂಡು ಬೆಳೆಯುತ್ತಿತ್ತು. ಮುಂದೆ ಅದೇ ಮರದಿಂದ ಮತ್ತೊಂದು ದಬ್ಬೆ. ಪುರಾತತ್ತ್ವಜ್ಞ ಫಿಲಿಪ್ ವಿಲ್ಕಿ 1988ರಲ್ಲಿ ಇಂಥ ಗಾಯದ ಗುರುತುಳ್ಳ ಮರಗಳನ್ನು ವಿವರವಾಗಿ ದಾಖಲಿಸಿದರು. ಮರವನ್ನು ಉಳಿಸಿಕೊಂಡೇ ಬಿಲ್ಲು ಪಡೆಯುವ ಪದ್ಧತಿ ಇದು.

ಇಂಗ್ಲೆಂಡಿನವರು ದುಡ್ಡು ಮತ್ತು ಕಾನೂನಿನಿಂದ ಇದನ್ನು ಬಗೆಹರಿಸಿಕೊಂಡರು. ಅವರ ಉದ್ದಬಿಲ್ಲಿಗೆ ಬೇಕಾದ ಯೂ ಮರ ತಮ್ಮ ನೆಲದಲ್ಲಿ ಗಂಟುಗಂಟಾಗಿ, ವಕ್ರವಾಗಿ ಬೆಳೆಯುತ್ತಿತ್ತು. ಆಲ್ಪ್ಸ್ ಪರ್ವತಗಳ ತಂಪಿನಲ್ಲಿ ನಿಧಾನವಾಗಿ ಬೆಳೆದ ಮರದ ನಾರು ನೆಟ್ಟಗೂ ಒತ್ತಾಗಿಯೂ ಇರುತ್ತಿತ್ತು. 1472ರ ಶಾಸನವೊಂದು ಆಮದಾಗುವ ಸರಕಿನ ಪ್ರತಿ ಟನ್ನಿಗೆ ನಾಲ್ಕು ಬಿಲ್ಲುದಬ್ಬೆಗಳನ್ನು ತರಲೇಬೇಕೆಂದು ಇಂಗ್ಲೆಂಡಿಗೆ ಬರುವ ಹಡಗುಗಳಿಗೆ ವಿಧಿಸಿತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲಕ್ಕೆತ್ತಿದ ಮೇರಿ ರೋಸ್ ಯುದ್ಧನೌಕೆಯಲ್ಲಿ ಸಿಕ್ಕ 170ಕ್ಕೂ ಹೆಚ್ಚು ಬಿಲ್ಲುಗಳು ಆ ವ್ಯಾಪಾರದ ಫಲ. ಅವುಗಳ ಉದ್ದ ಸುಮಾರು 1.87 ಮೀಟರಿನಿಂದ 2.11 ಮೀಟರ್.

ಇನ್ನೂ ಹಿಂದಕ್ಕೆ ಹೋದರೆ ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗಿನಲ್ಲಿ ಸಿಕ್ಕ ಎಲ್ಮ್ ಮರದ ಬಿಲ್ಲಿಗೆ ಸುಮಾರು 9000 ವರ್ಷ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ದೊರೆತ, ಸುಮಾರು 5300 ವರ್ಷ ಹಳೆಯ ಓಟ್ಸಿ ಎಂಬ ಮನುಷ್ಯನ ಬಳಿ 1.82 ಮೀಟರ್ ಉದ್ದದ, ಇನ್ನೂ ಕೆಲಸ ಮುಗಿಯದ ಯೂ ಬಿಲ್ಲೊಂದಿತ್ತು. ಅದರ ಮೈಮೇಲೆ ಕೊಡಲಿಯ ಗುರುತುಗಳು ಹಾಗೇ ಇವೆ.

ಶಾಖದ ಬಳಕೆಗೆ ನಮ್ಮ ದೇಶದ ಸಾಹಿತ್ಯದಲ್ಲಿ ಒಂದು ಅಮೂಲ್ಯ ಸಾಕ್ಷ್ಯವಿದೆ. ಪಾಲಿ ಭಾಷೆಯ ಮಹಾಜನಕ ಜಾತಕದಲ್ಲಿ ರಾಜ್ಯ ತೊರೆದು ಹೊರಟ ಅರಸನಿಗೆ ಬಾಣ ಮಾಡುವವನೊಬ್ಬ ಎದುರಾಗುತ್ತಾನೆ. ಅವನು ಬಾಣವನ್ನು ಕೆಂಡದ ಮೇಲೆ ಕಾಯಿಸಿ, ಹುಳಿಗಂಜಿಯ ನೀರಿನಿಂದ ತೇವ ಮಾಡಿ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಅದರ ಗೆರೆಯನ್ನು ನೋಡುತ್ತ ನೆಟ್ಟಗೆ ಮಾಡುತ್ತಿರುತ್ತಾನೆ. ಕತೆಯ ಉದ್ದೇಶ ವೈರಾಗ್ಯದ ಬೋಧೆ. ಆದರೆ ಬರೆದವನು ಕೆಲಸವನ್ನು ಹತ್ತಿರದಿಂದ ಕಂಡವನೇ ಇರಬೇಕು: ಶಾಖ, ತೇವ, ಒಂದೇ ಕಣ್ಣಿನ ನೋಟ, ಮೂರೂ ಸರಿಯಾಗಿವೆ. ಧಮ್ಮಪದವೂ ಚಿತ್ತವನ್ನು ನೇರ ಮಾಡಿಕೊಳ್ಳುವ ಜ್ಞಾನಿಗೆ ಬಾಣ ತಿದ್ದುವವನನ್ನೇ ಹೋಲಿಸುತ್ತದೆ. ಬಿದಿರು, ಬೆತ್ತಗಳನ್ನು ಬೆಂಕಿಯಲ್ಲಿ ಹದವಾಗಿ ಕಾಯಿಸಿ ಸೊಟ್ಟ ತೆಗೆಯುವುದು ಇಂದಿಗೂ ಬಿದಿರು ಕೆಲಸದವರಿಗೆ ತಿಳಿದ ವಿದ್ಯೆ.

ಅಮೆರಿಕದಲ್ಲಿ ಈ ಅರಿವು ಪುಸ್ತಕಕ್ಕೆ ಇಳಿದದ್ದು ಇಶಿಯ ಮೂಲಕ. ಯಾಹಿ ಬುಡಕಟ್ಟಿನ ಕೊನೆಯವನಾದ ಅವನು 1911ರಲ್ಲಿ ಕ್ಯಾಲಿಫೋರ್ನಿಯದ ಒರೊವಿಲ್ ಬಳಿ ಹೊರಜಗತ್ತಿಗೆ ಕಾಣಿಸಿಕೊಂಡು, 1916ರಲ್ಲಿ ತೀರಿಕೊಳ್ಳುವವರೆಗೆ ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿ ನೆಲೆಸಿದ್ದ. ಅವನ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲುಗಾರಿಕೆ ಕಲಿತು, ಜೂನಿಪರ್ ಮರದ ಬಿಲ್ಲನ್ನು ಅವನು ಬಿಸಿ ಮಾಡಿ ಬಾಗಿಸುತ್ತಿದ್ದ ಬಗೆಯನ್ನೂ ಸೇರಿಸಿ 1918ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. 1992ರಿಂದ ಜಿಮ್ ಹ್ಯಾಮ್ ಹೊರತಂದ ಸಾಂಪ್ರದಾಯಿಕ ಬಿಲ್ಲು ತಯಾರಿಕೆಯ ಸಂಪುಟಗಳು ಚದುರಿಹೋಗಿದ್ದ ಅನುಭವವನ್ನು ಒಂದೆಡೆ ಕೂಡಿಸಿದವು.

ತಿದ್ದಬೇಕೇ ಎಂಬ ಪ್ರಶ್ನೆ

ಕೆಲಸಕ್ಕೆ ಕೈ ಹಚ್ಚುವ ಮೊದಲು ತಿರುಚನ್ನು ಅಳೆಯಬೇಕು. ದಬ್ಬೆಯ ಹಿಡಿಯ ಮೇಲೊಂದು, ತುದಿಯ ಮೇಲೊಂದು ನೇರವಾದ ಪಟ್ಟಿಗಳನ್ನು ಅಡ್ಡಲಾಗಿ ಇಟ್ಟು ಒಂದು ಕೊನೆಯಿಂದ ಕಣ್ಣು ಹಾಯಿಸಿದರೆ, ಎರಡು ಪಟ್ಟಿಗಳ ನಡುವಿನ ಕೋನವೇ ತಿರುಚಿನ ಪ್ರಮಾಣ. ಇದಲ್ಲದೆ ಎರಡು ತುದಿಗಳ ನಡುವೆ ದಾರವೊಂದನ್ನು ಬಿಗಿದು, ಅದು ಹಿಡಿಯ ಯಾವ ಭಾಗದ ಮೇಲೆ ಹಾಯುತ್ತದೆ ಎಂದು ನೋಡಬೇಕು. ನನ್ನ ತೀರ್ಮಾನದಲ್ಲಿ ಮೊದಲಿನ ಅಳತೆಗಿಂತ ಈ ಎರಡನೆಯದೇ ಹೆಚ್ಚು ಮುಖ್ಯ. ಬಿಲ್ಲು ನೋಡಲು ಎಷ್ಟು ಅಂಕುಡೊಂಕಾದರೂ ಹೆದೆ ಹಿಡಿಯ ನಡುವೆ ಹಾಯ್ದು, ಎಳೆದಾಗ ತೋಳು ಪಕ್ಕಕ್ಕೆ ಹೊರಳದೆ ಇದ್ದರೆ ಅದು ಚೆನ್ನಾಗಿಯೇ ಬಾಣ ಹೊಡೆಯುತ್ತದೆ. ಹಾವಿನಂತೆ ಬಳುಕಿದ ಓಸೇಜ್ ಬಿಲ್ಲುಗಳು ದಶಕಗಟ್ಟಲೆ ದುಡಿಯುವುದು ಇದರಿಂದಲೇ.

ಹತ್ತು ಹದಿನೈದು ಡಿಗ್ರಿಯೊಳಗಿನ ತಿರುಚನ್ನು ಅನುಭವಿಗಳು ಸಾಮಾನ್ಯವಾಗಿ ಹಾಗೆಯೇ ಬಿಡುತ್ತಾರೆ. ತೋಳಿನ ತುದಿಗಳನ್ನು ಬೆರಳಗಲಕ್ಕೆ ಕಿರಿದುಗೊಳಿಸಿದಾಗ ಅಷ್ಟು ತಿರುಚು ಕಣ್ಣಿಗೂ ಕಾಣದು, ಕೆಲಸಕ್ಕೂ ಅಡ್ಡಿಯಾಗದು. ಅಗಲವಾದ ಚಪ್ಪಟೆ ತೋಳುಗಳಲ್ಲಿ ಅದೇ ತಿರುಚು ತೊಡಕು ತರುತ್ತದೆ, ಕಿರಿದಾದ ದಪ್ಪ ತೋಳುಗಳು ಸಹಿಸಿಕೊಳ್ಳುತ್ತವೆ. ಎರಡೂ ತೋಳು ಒಂದೇ ಪ್ರಮಾಣದಲ್ಲಿ, ಒಂದೇ ಸುರುಳಿಯಾಗಿ ತಿರುಚಿದ್ದರೆ ಹೆದೆ ಎಷ್ಟೋ ಸಲ ತಾನಾಗಿ ನಡುವಿಗೆ ಬರುತ್ತದೆ. ಒಂದೇ ತೋಳು ಹೊರಳಿದ್ದರೆ ತಿದ್ದದೆ ವಿಧಿಯಿಲ್ಲ.

ಹೆದೆ ಕರಾರುವಾಕ್ಕಾಗಿ ನಡುವಿನಲ್ಲೇ ಇರಬೇಕೆಂಬ ಹಟವೂ ಎಲ್ಲ ಕಡೆ ಇಲ್ಲ. ಜಪಾನಿನ ಬಿದಿರು-ಮರದ ಯುಮಿ ಬಿಲ್ಲಿನಲ್ಲಿ ಹೆದೆ ನಡುಗೆರೆಯಿಂದ ತುಸು ಬಲಕ್ಕೆ ಇರುವುದೇ ಸರಿಯಾದ ಸ್ಥಿತಿ. ಬಾಣವನ್ನು ಬಿಲ್ಲಿನ ಬಲಮಗ್ಗುಲಲ್ಲಿ ಇಟ್ಟು ಬಿಡುವ ಅವರ ಪದ್ಧತಿಗೆ ಅದು ಹೊಂದುತ್ತದೆ. ಹೆದೆ ಎಡಕ್ಕೆ ಸರಿದರೆ ಮಾತ್ರ ದೋಷ.

ಮರ ಮಣಿಯುವ ಗುಟ್ಟು

ಮರದ ನಾರಿನ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳಿವೆ. ಅವನ್ನು ಹಿಡಿದಿಡುವುದು ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್. ಬಿಸಿಯಾದಾಗ ಮೆತ್ತಗಾಗುವುದು ಈ ಹಿಡಿದಿಡುವ ವಸ್ತು, ಸೆಲ್ಯುಲೋಸ್ ಎಳೆಯಲ್ಲ. ನೀರು ತುಂಬಿದ ಮರದಲ್ಲಿ ಲಿಗ್ನಿನ್ 80ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸಡಿಲಗೊಳ್ಳುತ್ತದೆ. ಮರ ಒಣಗಿದಷ್ಟೂ ಈ ಉಷ್ಣತೆ ಏರುತ್ತದೆ. ಪೂರ್ತಿ ಒಣಗಿದ ಮರ ಮೆತ್ತಗಾಗುವಷ್ಟರಲ್ಲಿ ಮೇಲ್ಮೈ ಸೀಯಲು ಶುರುವಾಗಿರುತ್ತದೆ. ಹೀಗಾಗಿ ಒಣಶಾಖದಿಂದ ತಿದ್ದುವಾಗಲೂ ಮರದಲ್ಲಿ ಸ್ವಲ್ಪ ತೇವ, ಅಂದರೆ 8ರಿಂದ 10 ಶೇಕಡ ಇರುವುದು ಅನುಕೂಲ. ಮೆತ್ತಗಾದ ಮರವನ್ನು ಹೊರಳಿಸಿ, ಹಾಗೆಯೇ ಹಿಡಿದು ತಣ್ಣಗಾಗಿಸಿದರೆ ಲಿಗ್ನಿನ್ ಹೊಸ ಆಕಾರದಲ್ಲಿ ಮತ್ತೆ ಬಿಗಿಯುತ್ತದೆ. ಪೂರ್ತಿಯಾಗಿ ಮಾತ್ರ ನಿಲ್ಲುವುದಿಲ್ಲ, ಸ್ವಲ್ಪ ಹಿಂದಕ್ಕೆ ಮರಳುತ್ತದೆ.

ಇನ್ನೊಂದು ಅಂಶ ದಪ್ಪ. ಅಗಲವಾದ ತೆಳು ಪಟ್ಟಿಯನ್ನು ಹೊರಳಿಸಲು ಬೇಕಾದ ಬಲ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. 32 ಮಿಲಿಮೀಟರ್ ದಪ್ಪದ ತೋಳನ್ನು 16ಕ್ಕೆ ಇಳಿಸಿದರೆ ಅದೇ ತಿರುಚಿಗೆ ಸುಮಾರು ಎಂಟನೆಯ ಒಂದು ಭಾಗ ಬಲ ಸಾಕು. ಶಾಖವೂ ಒಳಗೆ ಬೇಗ ಇಳಿಯುತ್ತದೆ. ದಪ್ಪ ದಬ್ಬೆಯನ್ನೇ ಕಾಯಿಸಿ ಸನ್ನೆಕೋಲಿನಿಂದ ಜಗ್ಗಾಡಿ ಸೀಳಿಕೊಳ್ಳುವುದು ಹೊಸಬರಲ್ಲಿ ಪದೇ ಪದೇ ಕಾಣುವ ತಪ್ಪು. ಮೊದಲು ತೋಳುಗಳನ್ನು ಬಿಲ್ಲಿನ ಅಗಲಕ್ಕೆ, ನೆಲಕ್ಕೆ ಒತ್ತಿದರೆ ತುಸುವೇ ಬಾಗುವ ದಪ್ಪಕ್ಕೆ ಇಳಿಸಿ, ಆಮೇಲೆ ತಿರುಚಿನ ಮಾತು ಎತ್ತಬೇಕು. ಆ ಹೊತ್ತಿಗೆ ಬೆನ್ನಿನಲ್ಲಿ ಒಂದೇ ಬೆಳವಣಿಗೆಯ ಉಂಗುರ ಅಖಂಡವಾಗಿ ತೆರೆದಿರಬೇಕು, ನಡುಗೆರೆಯನ್ನು ನಾರಿನ ಗುಂಟವೇ ಎಳೆದಿರಬೇಕು.

ಹಸಿಮರದ ಹಾದಿ

ಹೊಸದಾಗಿ ಕಡಿದ ಮರವಾದರೆ ಬೆಂಕಿಯೇ ಬೇಡವಾಗಬಹುದು. ಸೀಳಿದ ತಕ್ಷಣ ತುದಿಗಳಿಗೂ ತೆರೆದ ಬೆನ್ನಿಗೂ ಮೇಣ, ಬಣ್ಣ ಅಥವಾ ಅಂಟು ಬಳಿದು, ದಬ್ಬೆಯನ್ನು ಒರಟಾಗಿ ಬಿಲ್ಲಿನ ಆಕಾರಕ್ಕೆ ಇಳಿಸಿ, ದಪ್ಪನೆಯ ನೇರ ಹಲಗೆಗೆ ಬಿಗಿದು ಕಟ್ಟಿ ನೆರಳಲ್ಲಿ ಒಣಗಿಸುತ್ತಾರೆ. ತೇವ ಆರುತ್ತಿರುವಾಗ ಮರ ಒತ್ತಡಕ್ಕೆ ನಿಧಾನವಾಗಿ ಒಗ್ಗಿಕೊಂಡು ಹೊಸ ಆಕಾರದಲ್ಲೇ ನೆಲೆನಿಲ್ಲುತ್ತದೆ. ಕಟ್ಟದೆ ಬಿಟ್ಟರೆ ಆಗುವುದು ಇದಕ್ಕೆ ವಿರುದ್ಧ: ಸುರುಳಿನಾರಿನ ಮರ ಒಣಗುವಾಗ ಇನ್ನಷ್ಟು ತಿರುಚಿಕೊಳ್ಳುತ್ತದೆ. ಹಸಿಮರಕ್ಕೆ ಒಣಶಾಖ ಕೊಡುವುದು ಮಾತ್ರ ಸಲ್ಲದು. ಮೇಲ್ಮೈ ಬೇಗ ಒಣಗಿ ಕುಗ್ಗಿ, ಒಳಗಿನ ತೇವದ ಮರ ಕುಗ್ಗಲೊಲ್ಲದೆ, ಉದ್ದುದ್ದ ಬಿರುಕು ಬಿಡುತ್ತದೆ.

ಉಗಿ ಮತ್ತು ಒಣಶಾಖ

ಅರೆ ಒಣಗಿದ ಮರಕ್ಕೆ, ದೊಡ್ಡ ತಿರುಚಿಗೆ ಉಗಿ ಒಳ್ಳೆಯದು. ಮುಚ್ಚಿದ ಪೆಟ್ಟಿಗೆಯೊಳಗೆ ಅಥವಾ ದೊಡ್ಡ ಪಾತ್ರೆಯ ಕುದಿನೀರಿನ ಮೇಲೆ ಬಟ್ಟೆಯಿಂದ ಸುತ್ತಿ ತೋಳಿನ ಭಾಗವನ್ನು ಹಬೆಯಲ್ಲಿ ಇಡುತ್ತಾರೆ. ದಪ್ಪದ ಪ್ರತಿ 25 ಮಿಲಿಮೀಟರಿಗೆ ಒಂದು ಗಂಟೆ ಎಂಬುದು ದೋಣಿ ಕಟ್ಟುವವರೂ ಕುರ್ಚಿ ಮಾಡುವವರೂ ಪಾಲಿಸುವ ಲೆಕ್ಕ; 16 ಮಿಲಿಮೀಟರ್ ತೋಳಿಗೆ ಮುಕ್ಕಾಲು ಗಂಟೆಯೊಳಗೆ ಸಾಕಾಗುತ್ತದೆ. ಹೊರಗೆ ತೆಗೆದ ಮೇಲೆ ಮರ ಮೆತ್ತಗಿರುವುದು ಕ್ಷಣಗಳ ಮಟ್ಟಿಗೆ. ವೈಸು, ಕ್ಲಾಂಪು, ಆಧಾರದ ಹಲಗೆ ಎಲ್ಲವನ್ನೂ ಮೊದಲೇ ಸಿದ್ಧಮಾಡಿ, ತಣ್ಣಗಿನ ಮರದ ಮೇಲೆ ಒಮ್ಮೆ ಜೋಡಿಸಿ ನೋಡಿಕೊಂಡಿರಬೇಕು. ಉಗಿಯಲ್ಲಿ ತಿದ್ದಿದ ತೋಳು ತೇವವನ್ನು ಕುಡಿದಿರುವುದರಿಂದ ವಾರ ಕಳೆದರೂ ಬಾಗಿಸಲು ಅವಸರಪಡಬಾರದು.

ಚೆನ್ನಾಗಿ ಒಣಗಿದ ಓಸೇಜಿನಂಥ ಮರಕ್ಕೆ ಒಣಶಾಖವೇ ಹೆಚ್ಚು ಬಳಕೆಯಲ್ಲಿದೆ. ಹಿಂದೆ ಕೆಂಡ, ಈಗ ಹೀಟ್ ಗನ್. ಹಿಡಿಯನ್ನು ಚರ್ಮ ಅಥವಾ ಮರದ ತುಂಡು ಕೊಟ್ಟು ವೈಸಿನಲ್ಲಿ ಬಿಗಿಯುತ್ತಾರೆ. ತಿರುಚಿರುವ ಜಾಗಕ್ಕೆ ಅಡುಗೆ ಎಣ್ಣೆ ಅಥವಾ ಪ್ರಾಣಿಕೊಬ್ಬನ್ನು ಸವರುತ್ತಾರೆ. ಅದು ಶಾಖವನ್ನು ಸಮವಾಗಿ ಹರಡಿ ಸೀಯುವುದನ್ನು ತಡೆಯುತ್ತದೆ. ಒಂದು ಸಲಕ್ಕೆ 15-20 ಸೆಂಟಿಮೀಟರ್ ಉದ್ದವನ್ನು ಮಾತ್ರ ಆರಿಸಿಕೊಂಡು, ಹೀಟ್ ಗನ್ನನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತ, ಹೊಟ್ಟೆಯ ಕಡೆಯಿಂದ ನಿಧಾನವಾಗಿ ಕಾಯಿಸಬೇಕು. ಮರ ಶಾಖವನ್ನು ಬಹಳ ಮೆಲ್ಲಗೆ ಒಳಕ್ಕೆ ಬಿಡುತ್ತದೆ. ಆದ್ದರಿಂದ ಹೊಟ್ಟೆ ಬಿಸಿಯಾಯಿತೆಂದು ನಂಬಬಾರದು. ಹೊಟ್ಟೆಯಿಂದ ಕೊಟ್ಟ ಬಿಸಿ ದಾಟಿಬಂದು ಬೆನ್ನನ್ನು ಮುಟ್ಟಿದ ಕೈ ತಾಳಲಾರದಾದಾಗಲೇ ನಡುಭಾಗವೂ ಹದಕ್ಕೆ ಬಂದಿದೆ ಎಂದು ಅರ್ಥ. ಬೆನ್ನಿಗೇ ನೇರವಾಗಿ ಬಿಸಿ ಹೊಡೆಸಿದರೆ, ಹಿಗ್ಗುವ ಕೆಲಸವನ್ನೆಲ್ಲ ಹೊರುವ ನಾರು ಒಣಗಿ ಪೆಡಸಾಗುತ್ತದೆ.

ಹೊರಳಿಸಲು ದೊಡ್ಡ ಸ್ಪ್ಯಾನರು ಸಾಕು. ಇಲ್ಲದಿದ್ದರೆ ತೋಳಿಗೆ ಅಡ್ಡಲಾಗಿ ಎರಡು ಮರದ ತುಂಡುಗಳನ್ನು ಕ್ಲಾಂಪಿನಿಂದ ಬಿಗಿದು, ಅದರ ಒಂದು ಬದಿಯನ್ನು ಉದ್ದ ಬಿಟ್ಟು ಸನ್ನೆಕೋಲು ಮಾಡಿಕೊಳ್ಳಬಹುದು. ಕೈಯಿಂದ ಜಗ್ಗುವುದಕ್ಕಿಂತ ಆ ಕೋಲಿನ ತುದಿಗೆ ಭಾರ ತೂಗುಹಾಕುವುದು ನನಗೆ ಉತ್ತಮವೆನಿಸುತ್ತದೆ. ಕೈ ಅವಸರ ಮಾಡುತ್ತದೆ. ಭಾರ ಮರ ಮೆತ್ತಗಾಗುವುದನ್ನು ಕಾದು, ಅದು ಒಪ್ಪಿದಷ್ಟೇ ಇಳಿಯುತ್ತದೆ. ತೋಳು ತಾನಾಗಿ ಮಣಿಯತೊಡಗಿದ್ದು ಕಣ್ಣಿಗೇ ಕಾಣುತ್ತದೆ. ಬೇಕಾದುದಕ್ಕಿಂತ ತುಸು ಹೆಚ್ಚೇ ಹೊರಳಿಸಿ, ಅಲ್ಲಿಯೇ ಬಿಗಿದು, ಪೂರ್ತಿ ತಣ್ಣಗಾಗುವವರೆಗೆ ಬಿಡಬೇಕು. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ನೀರು ಸುರಿದು ತಣಿಸಬಾರದು. ತಿರುಚು ತೋಳಿನ ಉದ್ದಕ್ಕೂ ಹರಡಿದ್ದರೆ ಹಿಡಿಯ ಕಡೆಯಿಂದ ಆರಂಭಿಸಿ ಹಂತ ಹಂತವಾಗಿ ತುದಿಗೆ ಸಾಗುತ್ತಾರೆ. ಇಡೀ ತಿರುಚನ್ನು ಒಂದೇ ಗೇಣಿನೊಳಗೆ ತೆಗೆಯಲು ಹೋದರೆ ಅಲ್ಲಿಯೇ ಸೀಳುತ್ತದೆ. ಹೊರಳಿಸುವಾಗ ನಾರುಗಳು ಒಂದರ ಮೇಲೊಂದು ಜಾರಬೇಕಾಗುತ್ತದೆ. ನಾರಿನ ಗುಂಟ ಜಾರುವ ಒತ್ತಡವನ್ನು ತಾಳುವ ಶಕ್ತಿ ಮರದಲ್ಲಿ ತೀರ ಕಡಿಮೆ.

ತಿದ್ದಿದ ಜಾಗದ ತೇವ ಶಾಖಕ್ಕೆ ಹಾರಿಹೋಗಿರುತ್ತದೆ. ಆ ಸ್ಥಿತಿಯಲ್ಲಿ ಬಿಲ್ಲನ್ನು ಬಾಗಿಸಿದರೆ ಮುರಿಯುವುದು ಸಹಜ. ಕೆಲವು ದಿನ ಗಾಳಿಯಾಡುವ ನೆರಳಲ್ಲಿ ಇಟ್ಟು, ಮರ ಗಾಳಿಯ ತೇವವನ್ನು ಮರಳಿ ಹೀರಿಕೊಳ್ಳಲು ಬಿಡಬೇಕು. ಊರಿನ ಹವೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಮರ 18 ಶೇಕಡದ ಆಸುಪಾಸು ತೇವ ಹಿಡಿದು, ತಿದ್ದಿದ ತಿರುಚು ಮೆಲ್ಲಗೆ ಮರಳಬಹುದು. ವಿಜಯಪುರದ ಬೇಸಿಗೆಯಲ್ಲಿ ಅದೇ ಮರ ಬೇಕಾದುದಕ್ಕಿಂತ ಒಣಗಿ ಪೆಡಸಾಗಬಹುದು. ನಮ್ಮಲ್ಲಿ ಈ ಕೆಲಸ ಮಾಡುವವರು ಪರದೇಶದ ಪುಸ್ತಕದ ಗಡುವುಗಳಿಗಿಂತ ತೂಕವನ್ನು ನಂಬುವುದು ಮೇಲು. ದಿನವೂ ಬಿಲ್ಲನ್ನು ತೂಗಿ, ತೂಕ ಏರದೆ ಇಳಿಯದೆ ನಿಂತಾಗ ಮುಂದುವರಿಯಬೇಕು.

ಗಂಟು ಇರುವಲ್ಲಿ ಶಾಖ ಕೊಡದಿರುವುದೇ ಲೇಸು, ತಿರುಚನ್ನು ಅದರ ಮೇಲೆ ಕೆಳಗೆ ಹಂಚಿ ತೆಗೆಯಬೇಕು. ಮೊದಲೇ ಬಿರುಕಿದ್ದರೆ ಹೊರಳಿಸುವ ಮುನ್ನ ಅಲ್ಲಿ ದಾರ ಬಿಗಿದು ಸುತ್ತಬೇಕು. ಯೂ ಮರದಲ್ಲಿ ಬೆನ್ನಿನ ಬಿಳಿಮರ ಮತ್ತು ಹೊಟ್ಟೆಯ ಕೆಚ್ಚು ಬೇರೆ ಬೇರೆ ಗುಣದವು, ಹಾಗಾಗಿ ಶಾಖದಲ್ಲಿ ಇನ್ನಷ್ಟು ಎಚ್ಚರ ಬೇಕು.

ಬಾಗು ತಿದ್ದುವಾಗ

ನೇರ ಮಾಡಿದ ತೋಳು ಎಳೆದಾಗ ಮತ್ತೆ ಹೊರಳುವುದುಂಟು. ಇದಕ್ಕೆ ಕಾರಣ ಹಳೆಯ ತಿರುಚು ಮರಳಿದ್ದೇ ಆಗಬೇಕೆಂದಿಲ್ಲ. ತೋಳಿನ ಒಂದು ಅಂಚು ಇನ್ನೊಂದಕ್ಕಿಂತ ಬಿಗಿಯಾಗಿದ್ದರೂ ಹೀಗಾಗುತ್ತದೆ. ಆಗ ಬೆಂಕಿಯ ಬಳಿಗೆ ಓಡದೆ, ಹೊಟ್ಟೆಯಲ್ಲಿ ಬಿಗಿಯಾದ ಅಂಚಿನ ಕಡೆ ಸ್ವಲ್ಪ ಸ್ವಲ್ಪವೇ ಹೆರೆಯುತ್ತ ಎರಡನ್ನೂ ಸಮಕ್ಕೆ ತರಬೇಕು. ಕೊಪ್ಪಿನ ಒಂದು ಬದಿಯನ್ನು ಅರದಿಂದ ತುಸು ಆಳ ಮಾಡಿದರೆ ಹೆದೆ ತುಸು ಪಕ್ಕಕ್ಕೆ ಸರಿಯುತ್ತದೆ. ಕೊನೆಯ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಇದು ಸಾಕು. ಹಿಡಿಯನ್ನು ಬೇಕೆಂದೇ ದಪ್ಪವಾಗಿ ಉಳಿಸಿಕೊಂಡಿದ್ದರೆ ಅದರ ಮಗ್ಗುಲನ್ನು ಕೆತ್ತಿ ಹೆದೆಯನ್ನು ನಡುವಿಗೆ ಕಾಣುವಂತೆ ಮಾಡುವ ಅವಕಾಶವೂ ಇರುತ್ತದೆ.

ಕೊಂಬು, ಸ್ನಾಯು, ಮರಗಳನ್ನು ಅಂಟಿಸಿ ಮಾಡುವ ಏಷ್ಯಾದ ಬಿಲ್ಲುಗಳಲ್ಲಿ ತಿರುಚು ತಿದ್ದುವುದು ತಯಾರಿಕೆಯೊಂದಿಗೆ ಮುಗಿಯುವ ಕೆಲಸವಲ್ಲ. ಕೊರಿಯದ ಗಾಕ್‌ಗುಂಗ್ ಬಿಲ್ಲನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿ ಕಾಪಾಡಿ, ಹೆದೆ ಏರಿಸುವ ಹೊತ್ತಿಗೆ ಹಿತವಾದ ಬೆಂಕಿಗೆ ಹಿಡಿದು ತೋಳುಗಳನ್ನು ಹೊಂದಿಸಿಕೊಳ್ಳುತ್ತಾರೆ. ಅಲ್ಲಿನ ಬಿಲ್ಲುಗಾರನಿಗೆ ಇದು ಕಲಿಯಲೇಬೇಕಾದ ಪಾಠ. ಒಂದೇ ಮರದ ಬಿಲ್ಲು ಇಷ್ಟು ಆರೈಕೆ ಕೇಳುವುದಿಲ್ಲ. ಹೆದೆ ಇಳಿಸಿ, ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಟ್ಟರೆ ಸಾಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬಾರದು.

ಮೊದಲ ಬಿಲ್ಲಿಗೆ ಕೈ ಹಾಕುವವರಿಗೆ ಒಂದು ಮಾತು. ಕಡಿಯುವ ಮೊದಲು ನಿಂತ ಮರದ ತೊಗಟೆಯನ್ನು ಸುತ್ತ ಬಂದು ನೋಡಿ. ಅದರ ಗೀರುಗಳು ಕಾಂಡವನ್ನು ಸುತ್ತುತ್ತ ಏರಿದ್ದರೆ ಒಳಗಿನ ನಾರೂ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಅಂಥ ಮರವನ್ನು ನಿಲ್ಲಲು ಬಿಡಿ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಕಲಿಕೆಗೆ ಸವರಿದ ಕೊಂಬೆ ಅಥವಾ ಗಾಳಿಗೆ ಬಿದ್ದ ಮರ ಸಾಕು. ಮೊದಲು ನೇರನಾರಿನ ದಬ್ಬೆಯಲ್ಲಿ ಬಾಗು ತಿದ್ದುವುದನ್ನು ಕಲಿತು, ತಿರುಚಿದ್ದನ್ನು ಎರಡನೆಯ ಅಥವಾ ಮೂರನೆಯ ಬಿಲ್ಲಿಗೆ ಇಟ್ಟುಕೊಳ್ಳಿ.